ಸಿಸ್ಟರಕ್ಕನಿಗೆ ದಿನಾ ಒಂದು ರಂಗೋಲಿ

ಯಾರ ಜೊತೆ ಮಾತಾಡುತ್ತಿದ್ದರೂ ಸಿಸ್ಟರಕ್ಕನ ಎರಡು ಬೆರಳು ಎದುರಿನವರ ಮಣಿಕಟ್ಟಿನ ಮೇಲೆ ಇರುತ್ತಿದ್ದವು. ಅತ್ತಿಗುಪ್ಪೆಯ ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಸಿಸ್ಟರಕ್ಕ ಎಂದೇ ಕರೆಯುವುದು. ನಮ್ಮದು ಎದುರು ಮನೆ. ಒಮ್ಮೆ ಜಗಳಕ್ಕೆ ಬಂದ ಹಾಲಿನವನ ಕೈಯನ್ನೂ ಹಿಡಿದುಕೊಂಡು, "ಬಿ.ಪಿ. ಚೆಕ್ ಮಾಡಿಸ್ಕೊಳಪ್ಪಾ, ಆಮೇಲೆ ಬೈಯೋವಂತೆ" ಎಂದಿದ್ದರು.

ನರ್ಸ್ ಕೆಲಸಕ್ಕೆಂದು ಅವರು ಹೋದ ದೇಶದಲ್ಲಿ ಯುದ್ಧ ಶುರುವಾಯಿತು. ವಾಪಸ್ ಬನ್ನಿ ಎಂದು ನಾನು ಗೋಗರೆದರೆ, "ವಾರ್ಡ್ ತುಂಬ ಜನ ಇದಾರೆ ಕಣೇ, ಬಿಟ್ಟು ಹೆಂಗ್ ಬರ್ಲಿ?" ಎಂದರು. ಮಹಾ ಹಟಮಾರಿ! ಮಾತಾಡಲು ಫೋನ್ ಸಿಗುವುದೇ ಅಪರೂಪವಾಗಿ, ಮೆಸೇಜ್ ಮಾತ್ರ ಹೋಗುತ್ತಿದ್ದಾಗ ನನಗೊಂದು ಕೆಲಸ ಹಚ್ಚಿದರು: ಅವರಮ್ಮ, ನಮಗೆಲ್ಲ ಅಜ್ಜಿ, ಬೆಳಿಗ್ಗೆ ಬಾಗಿಲಿಗೆ ಹಾಕುವ ರಂಗೋಲಿಯ ಫೋಟೊ ದಿನಾ ಕಳಿಸಬೇಕು. ಅಕ್ಕನಿಂದ "ಚೆನ್ನಾಗಿದೆ" ಎಂದು ಉತ್ತರ ಬರುತ್ತಿತ್ತು. ಆ ಒಂದು ಪದಕ್ಕಾಗಿ ಅಜ್ಜಿ ನಮ್ಮ ಮೆಟ್ಟಿಲ ಮೇಲೆ ಕಾದು ಕೂರುತ್ತಿದ್ದರು. "ಬಂತೇನಮ್ಮಾ?" ಬಂದರೆ ಮಗಳು ಬದುಕಿದ್ದಾಳೆ ಎಂದರ್ಥ. ಆಮೇಲೆಯೇ ಅವರಿಗೆ ಕಾಫಿ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಅಜ್ಜಿ ಏಳಲೇ ಇಲ್ಲ. ಅಕ್ಕ ಇದ್ದಲ್ಲಿ ವಿಮಾನ ಹಾರಾಟ ನಿಂತಿತ್ತು. "ಬರೋಕಂತೂ ಆಗಲ್ಲ, ಅಲ್ಲಿ ಒಬ್ಳೇ ಕೂತು ಅಳ್ತಾಳೆ. ಈಗ್ಲೇ ಹೇಳ್ಬೇಡಿ" ಎಂದು ಅಕ್ಕನ ತಮ್ಮ ಕೈಮುಗಿದ. ಸೂತಕದ ಮನೆ ಬಾಗಿಲಿಗೆ ರಂಗೋಲಿ ಹಾಕುವಂತಿಲ್ಲ. ಫೋಟೊ ನಿಂತರೆ ಅಕ್ಕನಿಗೆ ಗೊತ್ತಾಗುತ್ತದೆ. ಹಾಗಾಗಿ ನಮ್ಮ ಬಾಗಿಲಲ್ಲೇ ಅಜ್ಜಿಯಂತೆ ಚುಕ್ಕಿ ಇಟ್ಟು, ತುಂಬ ಎಚ್ಚರದಿಂದ ಎಳೆ ಎಳೆದು, ಹೊಸ್ತಿಲು ಕಾಣದಂತೆ ಫೋಟೊ ತೆಗೆದು ಕಳಿಸಿದೆ. "ಚೆನ್ನಾಗಿದೆ" ಎಂದು ಬಂತು. ಆಮೇಲೆ ದಿನಾ ಹಾಗೇ ಮಾಡಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ, ಥೂ!

ಹನ್ನೊಂದನೇ ದಿನ ತಿಥಿಯ ಊಟ ಮುಗಿದು ಎಲೆ ಎತ್ತುತ್ತಿದ್ದಾಗ ಅಕ್ಕನ ಫೋನ್ ಬಂತು.

"ಕಾರ್ಯ ಎಲ್ಲ ಸರಿಯಾಗಿ ಆಯ್ತಾ?"

ಎತ್ತಿದ ಎಲೆಗಳನ್ನು ಕೆಳಗಿಟ್ಟು ನಾನು ಅಂಗಳಕ್ಕೆ ಬಂದೆ.

"ಅಮ್ಮಂಗೆ ಕೈ ನಡುಗ್ತಿತ್ತು ಕಣೇ. ನಡುಕ ಜಾಸ್ತಿ ಆಗ್ತಿದ್ಯಾ ಅಂತ ನೋಡೋಕೇ ದಿನಾ ರಂಗೋಲಿ ಕೇಳ್ತಿದ್ದಿದ್ದು. ನೀನು ಗೆರೆ ನೆಟ್ಟಗೆ ಎಳೆದಿದ್ದೆ. ಅದು ಅಮ್ಮನ ಕೈಯಲ್ಲ ಅಂತ ಮೊದಲನೇ ದಿನಾನೇ ಗೊತ್ತಾಯ್ತು. ಅಮ್ಮ ಬದುಕಿದ್ದಿದ್ರೆ ನೀನ್ಯಾಕೆ ಮುಚ್ಚಿಡ್ತಿದ್ದೆ?"

"ಮತ್ತೆ ಯಾಕಕ್ಕಾ ಸುಮ್ನಿದ್ರಿ?"

"ನಾನು ಅತ್ರೆ ತಮ್ಮ ಕುಸಿದುಬಿಡ್ತಿದ್ದ. ಅವನು ಕಾರ್ಯ ಮಾಡ್ಬೇಕಿತ್ತಲ್ಲ."

ನಾನು ಗೊಳೋ ಎಂದು ಅತ್ತುಬಿಟ್ಟೆ. ಸತ್ತದ್ದು ಅವರ ತಾಯಿ. ಸಮಾಧಾನ ಮಾಡಿದ್ದು ಅವರು, ನನ್ನನ್ನು.

ಅಕ್ಕ ಈಗಲೂ ಅಲ್ಲೇ ಇದ್ದಾರೆ. ಅಮ್ಮನಿಲ್ಲ ಎಂದು ಗೊತ್ತಿದ್ದೂ, ಅಷ್ಟೂ ದಿನ ನಾನು ಕಳಿಸಿದ ಒಂದೊಂದು ಸುಳ್ಳಿಗೂ ಅವರು ಉತ್ತರ ಬರೆದು, ಕಣ್ಣೊರೆಸಿಕೊಂಡು ವಾರ್ಡಿಗೆ ಹೋಗಿದ್ದಾರೆ. ಕ್ಷಮಿಸಿ ಅನ್ನಲು ನನಗಿನ್ನೂ ಬಾಯಿ ಬಂದಿಲ್ಲ.