ಕಡ್ಲೆಕಾಯಿ ಇಲ್ಲದ ಎಳ್ಳು

ತುಮಕೂರಿಗೆ ಬಂದ ದಿನ ಸದಾಶಿವನಗರದ ಮನೆ ಓನರ್ ಆಂಟಿ ಬಿಸಿ ರಾಗಿ ಮುದ್ದೆ ಬಡಿಸಿ, "ಅಗೀಬೇಡಿ ಕಣ್ರೀ, ಸಾರಲ್ಲಿ ಅದ್ದಿ ನುಂಗಿ" ಅಂದರು. ಮಕ್ಕಳಿಗೆ ಯಾವ ಆಹಾರ ಆಗಿಬರುವುದಿಲ್ಲ ಎಂದು ಸಂಶೋಧನೆ ಮಾಡಲು ಧಾರವಾಡದಿಂದ ಬಂದ ಡಾಕ್ಟರ್ ನಾನು. ನನಗೇ ಊಟ ಮಾಡಲು ಬರುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಮೊದಲ ತುತ್ತು ಗಂಟಲಲ್ಲಿ ನಿಂತು ಕಣ್ಣಲ್ಲಿ ನೀರು ಬಂತು. ಆಂಟಿ ಪಾಪ, ತವರು ನೆನಪಾಯಿತೇನೋ ಅಂದುಕೊಂಡರು.

ಎರಡು ವರ್ಷವಾಯಿತು. ಈಗ ಮುದ್ದೆ ಸಲೀಸಾಗಿ ಇಳಿಯುತ್ತದೆ. ನನ್ನ "ಹೌದ್ರೀ" ಕೇಳಿ ನಗುತ್ತಿದ್ದ ಆಂಟಿ ಈಗ ತಾವೇ "ಹೌದ್ರೀ" ಎಂದು ಕಿಚಾಯಿಸುತ್ತಾರೆ. ಸಂಜೆಯ ಹೊತ್ತು ಬೇಸರ ಬರುವುದೂ ಕಮ್ಮಿಯಾಗಿದೆ. ದಿನಾ ತಿನ್ನುವುದು ಬಿಟ್ಟಿದ್ದು ಒಂದೇ, ಅವ್ವ ಕಳಿಸುವ ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ. ಗುಬ್ಬಿ, ಕುಣಿಗಲ್ ಕಡೆ ಅಲರ್ಜಿ ಇರುವ ಮಕ್ಕಳ ಮನೆಗೆ ಹೋಗುವ ಕೈಗೆ ಶೇಂಗಾ ಪುಡಿ ಅಂಟಿರಬಾರದು. ಹಾಗಾಗಿ ಆ ಡಬ್ಬಿಯನ್ನು ಭಾನುವಾರ ಮಾತ್ರ ತೆಗೆಯುತ್ತೇನೆ.

ಅಮೃತೂರಿನ ಹರ್ಷಿತಾ ಅಂಥ ಒಂದು ಮಗು. ಏಳು ವರ್ಷ. ನಮ್ಮ ಶೇಂಗಾಕ್ಕೆ ಇಲ್ಲಿ ಕಡ್ಲೆಕಾಯಿ ಎನ್ನುತ್ತಾರೆ. ಅದರ ಒಂದು ಚೂರು ಬಾಯಿಗೆ ಬಿದ್ದರೂ ಅವಳ ತುಟಿ ಊದಿ ಉಸಿರು ಕಟ್ಟುತ್ತದೆ. ಮೊದಲ ಸಲ ಹೋದಾಗ ಅವಳ ಅಜ್ಜಿ ಗಂಗಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದರು. "ಕಡ್ಲೆಕಾಯಿ ತಿಂದು ಯಾರಿಗಾದ್ರೂ ಏನಾದ್ರೂ ಆಯ್ತದಾ? ಮಗೀಗೆ ದೃಷ್ಟಿ ಆಗಿರೋದು, ಬುಡಿ."

ಸಂಕ್ರಾಂತಿಗೆ ನಮ್ಮ ಕಡೆ ಸಕ್ಕರೆ ಪಾಕ ಹತ್ತಿಸಿದ ಕುಸುರೆಳ್ಳು ಕೈಗೆ ಹಾಕಿ, ದೊಡ್ಡವರ ಕಾಲಿಗೆ ಬಿದ್ದರೆ ಮುಗಿಯಿತು. ಇಲ್ಲಿ ಹೆಣ್ಣುಮಕ್ಕಳು ಹೊಸ ಲಂಗ ಉಟ್ಟು, ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡ್ಲೆಕಾಯಿ ಬೆರೆಸಿ ತಟ್ಟೆಯಲ್ಲಿಟ್ಟುಕೊಂಡು ಮನೆಮನೆಗೆ ಹಂಚುತ್ತಾರೆ. ಇದೇ ಎಳ್ಳು ಬೀರುವುದು. ಹಿಂದಿನ ವರ್ಷ ಹರ್ಷಿತಾ ಗೆಳತಿಯರನ್ನು ಕಿಟಕಿಯಿಂದ ನೋಡುತ್ತ ಕೂತಿದ್ದಳು.

"ಈ ಸಲ ನಾನೂ ಬೀರ್ಲಾ, ಡಾಕ್ಟ್ರಾಂಟಿ?" ಎಂದು ಕೇಳಿದಳು.

ಎಳ್ಳು ಅವಳಿಗೆ ಆಗಿಬರುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಕಡ್ಲೆಕಾಯಿ ಬಿಡಿ, ಹೊಸ ಬಾಣಲೆಯಲ್ಲಿ ಹುರಿಯಿರಿ, ಡಬ್ಬಿ ಬೇರೆ ಇರಲಿ ಎಂದು ಅವಳ ಅಮ್ಮನಿಗೆ ಎಲ್ಲ ಹೇಳಿ ಒಪ್ಪಿಗೆ ಕೊಟ್ಟೆ. ಹಬ್ಬದ ದಿನ ತುರ್ತಿನ ಇಂಜೆಕ್ಷನ್ ಬ್ಯಾಗಿನಲ್ಲಿಟ್ಟುಕೊಂಡು ನಾನೇ ಬಸ್ ಹತ್ತಿದೆ.

ಹರ್ಷಿತಾ ಹಸಿರು ಲಂಗ ಉಟ್ಟು ತಟ್ಟೆ ಹಿಡಿದು ಹೊರಟಳು. ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಎದುರು ಮನೆಯಲ್ಲಿ ಇನ್ನೊಂದು ಹುಡುಗಿ ಎಳ್ಳು ಕೊಟ್ಟಳು. ಆ ಮನೆಯಾಕೆ ಕಡ್ಲೆಕಾಯಿ ಬೆರೆಸಿದ ತಮ್ಮ ಎಳ್ಳನ್ನು ಒಂದು ಹಿಡಿ ತಂದು ಆ ಹುಡುಗಿಯ ತಟ್ಟೆಗೆ ವಾಪಸ್ ಹಾಕಿದರು. ಕೊಟ್ಟವರಿಗೆ ತಿರುಗಿ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಹರ್ಷಿತಾ ಆಗಲೇ ಅದೇ ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ನಾನು ಚಪ್ಪಲಿಯನ್ನೂ ಮೆಟ್ಟದೆ ಎದ್ದೆ.

"ಕೂತ್ಕಳಿ ಡಾಕ್ಟ್ರಮ್ಮ," ಗಂಗಮ್ಮ ನನ್ನ ಸೆರಗು ಹಿಡಿದರು. "ನೆನ್ನೇನೇ ಬೀದಿಗೆಲ್ಲಾ ಹೇಳ್ಬುಟ್ಟು ಬಂದಿದೀನಿ. ನಮ್ ಮಗೀಗೆ ಎಳ್ಳು ಹಾಕ್ಬ್ಯಾಡಿ, ಕೈ ತೊಳ್ಕಂಡು ಕಬ್ಬು ಹಾಕಿ, ಬಾಳೆಹಣ್ಣು ಹಾಕಿ ಅಂತ. ನೀವು ಬಾಣ್ಲಿ ಕೇಳುದ್ರಿ, ಡಬ್ಬಿ ಕೇಳುದ್ರಿ. ವಾಪಸ್ ಏನ್ ಹಾಕ್ತಾರೆ ಅಂತ ಕೇಳ್ಲೇ ಇಲ್ವಲ್ಲ?"

ನನಗೆ ನಾಚಿಕೆಯೂ ಆಯಿತು, ಹೇಳತೀರದಷ್ಟು ಖುಷಿಯೂ ಆಯಿತು. ದೃಷ್ಟಿ ಎಂದಿದ್ದ ಅಜ್ಜಿ ನನ್ನ ಸಂಶೋಧನೆಗೆ ಹೊಳೆಯದ ಪ್ರಶ್ನೆಯನ್ನು ಒಂದು ದಿನ ಮೊದಲೇ ಕೇಳಿ ಮುಗಿಸಿದ್ದರು.

ಹರ್ಷಿತಾ ತಟ್ಟೆ ತುಂಬ ಕಬ್ಬಿನ ತುಂಡು ಹೊತ್ತು ಬಂದಳು. ನನ್ನ ಕೈಗೆ ಎಳ್ಳು ಹಾಕಿ ಹಾಗೇ ನಿಂತಳು. ಈಗ ನಾನು ವಾಪಸ್ ಹಾಕಬೇಕು. ಅವ್ವ ಕಳಿಸಿದ ಕುಸುರೆಳ್ಳು ಬ್ಯಾಗಿನಲ್ಲಿತ್ತು. ಆದರೆ ಅದು ಶೇಂಗಾ ಹಿಂಡಿ ಕುಟ್ಟುವ ಅಡುಗೆಮನೆಯಿಂದ ಬಂದದ್ದು. ಜಿಪ್ ತೆಗೆಯಲೇ ಇಲ್ಲ. ಗಂಗಮ್ಮ ಒಳಗಿನಿಂದ ಒಂದು ತುಂಡು ಕಬ್ಬು ತಂದು ನನ್ನ ಕೈಗಿಟ್ಟರು.

"ಇದ್ನ ಹಾಕಿ. ನಿಮ್ದೂ ಈ ಬೀದೀಲೇ ಒಂದ್ ಮನೆ ಅಂದ್ಕಳಿ."

ಹಾಕಿದೆ.

ಸಂಜೆ ಸದಾಶಿವನಗರಕ್ಕೆ ಬಂದು ಒಂದು ಬಟ್ಟಲಿಗೆ ಅವ್ವನ ಕುಸುರೆಳ್ಳು, ಇನ್ನೊಂದಕ್ಕೆ ಹರ್ಷಿತಾಳ ಎಳ್ಳು ಸುರಿದೆ. ಎರಡನ್ನೂ ಬೆರೆಸಲಿಲ್ಲ; ಅದು ಕೆಲಸ ಕಲಿಸಿದ ಅಭ್ಯಾಸ. ನಡುವೆ ಕೂತು ಅದರಿಂದೊಂದು ಚಿಟಿಕೆ, ಇದರಿಂದೊಂದು ಚಿಟಿಕೆ ತಿಂದೆ.