ಜವಾನ ಬಂದರೆ ಏಳುವ ಮ್ಯಾನೇಜರು

ಹೋದ ತಿಂಗಳು ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಿಂದ ಫೋನ್ ಬಂತು. ನಾನು ಬಹಳ ಹಿಂದೆ ಟಿವಿಗೆ ಬರೆದ ಹಾಸ್ಯ ಧಾರಾವಾಹಿಯ ತುಣುಕುಗಳನ್ನು ಅವರು ತರಗತಿಯಲ್ಲಿ ತೋರಿಸುತ್ತಾರಂತೆ. ಕಚೇರಿಯಲ್ಲಿ ಮುಖ್ಯಸ್ಥನಾದವನು ಹೇಗಿರಬಾರದು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲವಂತೆ. ನಾನು ಬಂದು ನಾಯಕತ್ವದ ಬಗ್ಗೆ ನಾಲ್ಕು ಮಾತು ಆಡಬೇಕಂತೆ. "ಆ ಮ್ಯಾನೇಜರ್ ಪಾತ್ರ ನಿಮಗೆ ಎಲ್ಲಿ ಸಿಕ್ಕಿತು ಸರ್?" ಎಂದು ಕೇಳಿದ ಹೆಣ್ಣುಮಗಳ ದನಿಯಲ್ಲಿ ಆಗಲೇ ನಗು ಇತ್ತು. "ಕಲ್ಪನೆ" ಎಂದೆ. ಇಷ್ಟು ವರ್ಷ ಹೇಳಿ ಹೇಳಿ ಆ ಸುಳ್ಳು ನನ್ನ ನಾಲಿಗೆಗೆ ಒಗ್ಗಿಹೋಗಿದೆ.

ಕಲ್ಪನೆ ಏನೂ ಇಲ್ಲ. ಆ ಮ್ಯಾನೇಜರು ಸಿಕ್ಕಿದ್ದು ಹಿರಿಯೂರಿನಲ್ಲಿ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನು ಗುಮಾಸ್ತನಾಗಿದ್ದ ಒಂದು ಸರ್ಕಾರಿ ಕಚೇರಿಯಲ್ಲಿ. ಹೆದ್ದಾರಿಗೆ ಹತ್ತಿರದ ಕಟ್ಟಡ. ಕೊಬ್ಬರಿ ಲಾರಿ ಹೋದರೆ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಒಳಗೆ ಹದಿನಾಲ್ಕು ಜನ, ಹದಿನಾಲ್ಕು ತರಹದ ಸೋಮಾರಿತನ. ನಮ್ಮ ಮೇಲೆ ಅವರನ್ನು ಪ್ರಭಾರ ಮ್ಯಾನೇಜರ್ ಎಂದು ಕೂರಿಸಿದ್ದರು. ಒಂದು ವರ್ಷ ನೋಡಿ ಕಾಯಂ ಮಾಡುವುದು, ಇಲ್ಲವಾದರೆ ಹಳೆಯ ಗುಮಾಸ್ತಿಕೆಗೆ ವಾಪಸ್ ಕಳಿಸುವುದು ಎಂದು ಆದೇಶದಲ್ಲೇ ಬರೆದಿತ್ತು. ಶ್ರೀರಾಂಪುರದ ಕಡೆಯ ಕುರಿ ಸಾಕುವ ಮನೆತನದವರು. ಅವರ ಕಡೆಯಿಂದ ಆ ಕುರ್ಚಿಯವರೆಗೆ ಬಂದ ಮೊದಲನೆಯವರು ಎಂದು ಅವರೇ ಒಂದು ಸಲ ಹೇಳಿದ್ದರು, ಅದೂ ನಾವು ಕೆದಕಿ ಕೇಳಿದ್ದಕ್ಕೆ.

ಅವರ ತೊಂದರೆ ಒಂದೇ. ಕಚೇರಿಯ ಜವಾನ ಅವರ ಸ್ವಂತ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಎತ್ತಿ ಆಡಿಸಿ, ಕುರಿ ಮಾರಿ ಓದಿಸಿದವನು ಆ ಮಾವ. ಆತ ಬಾಗಿಲಲ್ಲಿ ಕಂಡರೆ ಸಾಕು, ಮ್ಯಾನೇಜರು ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಬೇಕೆಂದು ಮಾಡುತ್ತಿದ್ದದ್ದಲ್ಲ, ಮೈಗೆ ಅಂಟಿದ್ದು. ಆ ಮನೆಯಲ್ಲಿ ಮಾವ ನಿಂತಿರುವಾಗ ಅಳಿಯ ಕೂತ ಉದಾಹರಣೆಯೇ ಇರಲಿಲ್ಲ. "ಕುಂತ್ಕ ಅಳಿಯಾ, ಎಲ್ರೂ ನೋಡ್ತವ್ರೆ" ಎಂದು ಮುದುಕ ಪಿಸುಗುಟ್ಟುವುದು ನಮಗೆಲ್ಲ ಕೇಳುತ್ತಿತ್ತು. ಅಳಿಯನನ್ನು ಏಳಿಸಬಾರದೆಂದು ಆತ ಕೊನೆಕೊನೆಗೆ ಗೋಡೆಯ ಮರೆಯಲ್ಲಿ ನಿಂತು ಕೈಯನ್ನಷ್ಟೇ ಒಳಗೆ ಚಾಚಿ ಫೈಲು ಇಡುತ್ತಿದ್ದ. ಕೈ ಕಂಡರೂ ಇವರು ಏಳುತ್ತಿದ್ದರು.

ಮೇಜಿನ ಮೇಲಿನ ಗಂಟೆಯನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ನೀರು ಬೇಕಾದರೆ ತಾವೇ ಎದ್ದುಹೋಗಿ ಕುಡಿದು ಬರುವರು. ತಡವಾಗಿ ಬಂದವನ ಟಪಾಲನ್ನು ತಾವೇ ನೋಡಿ, ಅವನು ಬಂದಾಗ "ಬರ್ರಿ, ಬಸ್ಸು ತಡ ಆತೇನೋ" ಎನ್ನುವರು. ಅದನ್ನು ಕೇಳಿ ನಾಚಿಕೆಪಟ್ಟವರು ಒಬ್ಬಿಬ್ಬರು. ಮಿಕ್ಕವರು ಮಾರನೆಯ ದಿನ ಇನ್ನೂ ತಡ ಮಾಡುತ್ತಿದ್ದೆವು. ಆದರೂ ಆ ವರ್ಷ ಒಂದು ಅರ್ಜಿಯೂ ನಮ್ಮಲ್ಲಿ ಕೊಳೆಯಲಿಲ್ಲ. ಇದನ್ನು ಆಗ ಯಾರೂ ಗಮನಿಸಲಿಲ್ಲ, ನಾನಂತೂ ಗಮನಿಸಲಿಲ್ಲ.

ನಾನು ಗಮನಿಸಿದ್ದು ನಗುವನ್ನು. ಶನಿವಾರ ಅರ್ಧ ದಿನ. ಕೆಲಸ ಮುಗಿದ ಮೇಲೆ ಹಿಂದಿನ ಹಾಲ್‌ನಲ್ಲಿ ನಾವು ನೌಕರರೇ ಕಾಲು ಗಂಟೆಯ ಒಂದು ಪ್ರಹಸನ ಆಡುತ್ತಿದ್ದೆವು. ಪ್ರತಿ ವಾರ ಅದೇ ಕಚೇರಿ, ಅದೇ ಪಾತ್ರಗಳು, ಕಥೆ ಮಾತ್ರ ಹೊಸದು. ಬರೆಯುವವನು ನಾನು, ಮ್ಯಾನೇಜರನ ವೇಷ ಹಾಕುವವನೂ ನಾನೇ. ಮೊದಮೊದಲು ಜನ ಸೌಜನ್ಯಕ್ಕೆ ನಗುತ್ತಿದ್ದರು. ಒಂದು ವಾರ ಜವಾನನ ಪಾತ್ರದವನು ಒಳಗೆ ಬಂದಾಗ ನಾನು ಸುಮ್ಮನೆ ಕುರ್ಚಿಯಿಂದ ಅರ್ಧ ಎದ್ದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲು ನಕ್ಕವರು ಮ್ಯಾನೇಜರೇ. ಈ ಕೊನೆಯ ಮಾತನ್ನು ನಾನು ಮುಂದೆ ಮನಸ್ಸಿನಲ್ಲೇ ಎಷ್ಟೋ ಸಲ ನನ್ನ ಪರ ಸಾಕ್ಷಿಯ ಹಾಗೆ ಬಳಸಿದ್ದೇನೆ. ಅಲ್ಲಿಂದ ಪ್ರತಿ ಶನಿವಾರ ಏಳುವುದು, ಕೂರುವುದು. ಅದೊಂದನ್ನು ಬಿಟ್ಟರೆ ನನ್ನ ಬರವಣಿಗೆಯಲ್ಲಿ ಹುರುಳೇ ಇರಲಿಲ್ಲ.

ವರ್ಷ ತುಂಬುತ್ತ ಬಂತು. ತಪಾಸಣೆಗೆ ಜಿಲ್ಲಾ ಕೇಂದ್ರವಾದ ದುರ್ಗದಿಂದ ದೊಡ್ಡ ಸಾಹೇಬರು ಬರುತ್ತಾರೆ, ಶನಿವಾರ ನಮ್ಮ ಪ್ರಹಸನವನ್ನೂ ನೋಡುತ್ತಾರೆ ಎಂದು ಸುದ್ದಿ ಬಂತು. ಮ್ಯಾನೇಜರನ್ನು ಕಾಯಂ ಮಾಡುವುದೋ ಬಿಡುವುದೋ ಅವರು ಬರೆಯುವ ಒಂದು ಸಾಲಿನಲ್ಲಿತ್ತು. ಗುರುವಾರ ಮಧ್ಯಾಹ್ನ ಮ್ಯಾನೇಜರು ನನ್ನ ಮೇಜಿನ ಬಳಿ ಬಂದರು. ಕರೆಸಲಿಲ್ಲ, ತಾವೇ ಬಂದರು.

"ಶನಿವಾರ ಸಾಹೇಬ್ರು ಇರ್ತಾರೆ" ಎಂದರು. "ಆ ಏಳೋದು ಕುಂದ್ರೋದು, ಅದೊಂದು ಬಿಡ್ರಿ ಈ ಸರ್ತಿ. ಬ್ಯಾರೆ ಏನಾರ ಮಾಡ್ರಿ. ನಂದು ಬ್ಯಾರೆ, ಮಾವಂಗೆ ಬ್ಯಾಸರ ಆಗ್ತೈತೆ."

"ನೋಡಾಣ ಸಾರ್" ಎಂದೆ.

ನೋಡುವುದೇನು ಬಂತು. ದುರ್ಗದ ಸಾಹೇಬರ ಮುಂದೆ ಮೆರೆಯುವ ಅವಕಾಶ. ನನ್ನ ಹತ್ತಿರ ಇದ್ದದ್ದು ಒಂದೇ ಸರಕು. ಅವರು ಗದರಿಸಿ ಹೇಳಿದ್ದರೆ ಹೆದರಿ ಬಿಡುತ್ತಿದ್ದೆ. ಗದರಿಸದವರ ಮಾತಿಗೆ ನಾನು ಬೆಲೆ ಕೊಡುವವನಾಗಿರಲಿಲ್ಲ. ಆ ಶನಿವಾರ ಪ್ರತಿ ವಾರದ ಹಾಗೆ ಎರಡು ಸಲವಲ್ಲ, ಏಳು ಸಲ ಎದ್ದು ಕೂತೆ. ಒಂದು ಸಲ ಜವಾನನ ಬರೀ ಕೈಗೆ ಎದ್ದು ಕೈಮುಗಿದೆ. ಸಾಹೇಬರು ಕಣ್ಣೀರು ಒರೆಸಿಕೊಂಡು ನಕ್ಕರು. ಮ್ಯಾನೇಜರು ಆ ದಿನ ನಗಲಿಲ್ಲ. ಮಾವ ಹಿಂದೆ ಕಂಬದ ಬಳಿ ನಿಂತಿದ್ದ.

ಆಮೇಲೆ ಮ್ಯಾನೇಜರ ಕೋಣೆಯಲ್ಲಿ ಟೀ. ನಾವೆಲ್ಲ ಗೋಡೆಗೆ ಒರಗಿ ನಿಂತಿದ್ದೆವು. ಸಾಹೇಬರು ಎದುರು ಕೂತು, ಯಾರನ್ನು ನೋಡಿ ಇದನ್ನು ಬರೆದೆ ಎಂದು ನನ್ನನ್ನು ಕೇಳಿದರು. ನಾನು ಮ್ಯಾನೇಜರ ಕಡೆ ನೋಡಿ ನಕ್ಕೆ. ಅದೇ ಉತ್ತರವಾಯಿತು. ಸಾಹೇಬರು ಮೇಜಿನ ಮೇಲಿನ ಗಂಟೆಯನ್ನು ತಾವೇ ಹೊಡೆದು ಮ್ಯಾನೇಜರ ಮುಖ ನೋಡುತ್ತ ಕೂತರು.

ಇದು ಪರೀಕ್ಷೆ ಎಂದು ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರಿಗೂ ಗೊತ್ತಿತ್ತು. ಕೂತೇ ಇದ್ದಿದ್ದರೆ ಮುಗಿದುಹೋಗುತ್ತಿತ್ತು. ಅವರು ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡಿದ್ದರು. ಬೇರೆ ದಾರಿಯಿಲ್ಲದೆ ಮಾವ ಟೀ ತಟ್ಟೆ ಹಿಡಿದು ಒಳಗೆ ಬಂದ, ಕಣ್ಣಲ್ಲೇ ಬೇಡ ಅಂದ. ಮ್ಯಾನೇಜರು ಎದ್ದರು. ಯಾವತ್ತಿನಂತೆ ಅರ್ಧವಲ್ಲ, ಪೂರ್ತಿ ಎದ್ದು ನಿಂತು, ಆ ತಟ್ಟೆಯನ್ನು ಆತನ ಕೈಯಿಂದ ತೆಗೆದುಕೊಂಡು, ಸಾಹೇಬರಿಗೆ ತಾವೇ ಟೀ ಕೊಟ್ಟರು. ಸಾಹೇಬರೊಬ್ಬರೇ ನಕ್ಕರು.

ಆಡಳಿತದ ಹಿಡಿತ ಸಾಲದು ಎಂದು ಆ ಒಂದು ಸಾಲು ಬಂತು. ಅವರನ್ನು ಗುಮಾಸ್ತರನ್ನಾಗಿ ಹೊಸದುರ್ಗಕ್ಕೆ ಕಳಿಸಿದರು. ಹೊರಡುವ ದಿನ ನನ್ನೊಂದಿಗೆ ಜಗಳ ಆಡಬಹುದು, ಆಡಿದರೆ ನನಗೂ ಹಗುರಾದೀತು ಎಂದುಕೊಂಡಿದ್ದೆ. "ಬರ್ತೀನಿ" ಎಂದು ಎಲ್ಲರಿಗೆ ಹೇಳಿದಂತೆ ನನಗೂ ಹೇಳಿ ಬಸ್ಸು ಹತ್ತಿದರು. ಅವರ ಜಾಗಕ್ಕೆ ಹಿಡಿತವಿದ್ದವನು ಬಂದ. ದಿನವಿಡೀ ಗಂಟೆ ಹೊಡೆದ. ಆರು ತಿಂಗಳಲ್ಲಿ ಅರ್ಜಿಗಳು ಕಿಟಕಿಯ ಎತ್ತರಕ್ಕೆ ಬೆಳೆದವು, ಮುದುಕ ಕೆಲಸ ಬಿಟ್ಟು ಊರಿಗೆ ಹೋದ. ನನ್ನನ್ನು ಸಾಹೇಬರು ದುರ್ಗಕ್ಕೆ ಕರೆಸಿಕೊಂಡರು. ಪ್ರತಿಭೆಯಿದೆ ಎಂದು ಅವರಿವರಿಗೆ ಪರಿಚಯಿಸಿದರು. ನನ್ನ ಬಾಳು ಅಲ್ಲಿಂದ ಚಿಗುರಿತು ಎಂದು ಸನ್ಮಾನಗಳಲ್ಲಿ ಹೇಳುತ್ತಾರೆ, ನಾನು ತಲೆ ಆಡಿಸುತ್ತೇನೆ.

ಎಷ್ಟೋ ವರ್ಷದ ನಂತರ ಟಿವಿಯವರು ಕಚೇರಿಯ ಬಗ್ಗೆ ಹಾಸ್ಯ ಧಾರಾವಾಹಿ ಕೇಳಿದಾಗ ನಾನು ಅದೇ ಸರಕು ತೆಗೆದೆ. ನಿರ್ಮಾಪಕರು, "ಏಳುವ ಸೀನು ಸೂಪರ್, ಪ್ರತಿ ಕಂತಲ್ಲೂ ಇರಲಿ" ಎಂದರು. ಮಾವ ಎನ್ನುವುದು ಮಾತ್ರ ಬೇಡ, ಜನಕ್ಕೆ ಕನಿಕರ ಬಂದರೆ ನಗು ಕೆಡುತ್ತದೆ ಎಂದರು. ತೆಗೆದೆ. ಕಾರಣವೇ ಇಲ್ಲದೆ ಜವಾನನಿಗೆ ಏಳುವ ಪೆದ್ದ ಉಳಿದ. ನಾಡೆಲ್ಲ ನಕ್ಕಿತು.

ಅದು ಮುಗಿದ ಮೇಲೆ ಹೊಳಲ್ಕೆರೆಗೆ ಹೋದೆ. ಮ್ಯಾನೇಜರು ನಿವೃತ್ತಿಯಾಗಿ ಅಲ್ಲಿದ್ದಾರೆ ಎಂದು ಗೊತ್ತಾಗಿತ್ತು. ಗುಮಾಸ್ತರಾಗಿಯೇ ನಿವೃತ್ತಿ. ಹೆಂಚಿನ ಮನೆ, ಜಗಲಿಯಲ್ಲಿ ಬೆಂಚು. "ಬರ್ರಿ, ಕುಂತ್ಕಳ್ರಿ" ಎಂದರು, ಕೂತಲ್ಲಿಂದಲೇ. ಮಂಡಿ ಹಿಡಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಕೋಲೂರಿಕೊಂಡು ಅವರ ಮಾವ ಬಂದ. ಮ್ಯಾನೇಜರು ಗೋಡೆಗೆ ಕೈಕೊಟ್ಟು, ಹಲ್ಲು ಕಚ್ಚಿಕೊಂಡು, ಪೂರ್ತಿ ಎದ್ದು ನಿಂತರು. ಮಾವ ಕೂತ ಮೇಲೆ ಕೂತರು.

"ಟಿವಿನಾಗೆ ಬಂತಂತಲ್ಲ" ಎಂದ ಮುದುಕ ನನ್ನನ್ನು ನೋಡದೆ. "ನಾವು ಹಾಕ್ಲಿಲ್ಲ."

ನಾನು ಊರಿಂದ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದೆ. ತಪ್ಪಾಯಿತು, ಅವತ್ತು ನೀವು ಬಿಡಿ ಅಂತ ಹೇಳಿದ್ದಿರಿ, ನಾನು ನಿಮ್ಮ ಮಾತು ಮೀರಿದೆ ಎಂದೆ.

"ಹೇಳಿದ್ದಲ್ಲ" ಎಂದರು ಮ್ಯಾನೇಜರು. "ಕೈಮುಗಿಯೋದೊಂದು ಬಾಕಿ ಇತ್ತು, ಹಂಗೆ ಕೇಳ್ಕಂಡಿದ್ದೆ."

ಆಮೇಲೆ ಮಜ್ಜಿಗೆ ಕೊಡಿಸಿದರು. ಕುಡಿದು ಎದ್ದೆ. ಅವರು ಏಳಲಿಲ್ಲ.