ಸೈನಿಕರ ನೆಲಕ್ಕಾಗಿ ಲ್ಯಾನ್ಸಿಂಗ್‌ಗೆ

ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಶಿಕಾಗೋ ಪಕ್ಕದ ಲೊಂಬಾರ್ಡ್ ಬಿಟ್ಟೆ. ನಾನು ಹೋಗಬೇಕಿದ್ದ ಫಾರ್ಮಿಂಗ್ಟನ್ ಹಿಲ್ಸ್ ಊರು ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ. ಟೋಲ್‌ಗೆ ಚಿಲ್ಲರೆ, ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ, ಹಿಂದಿನ ಸೀಟಿನಲ್ಲಿ ರಬ್ಬರ್ ಬೂಟು. ಬೂಟು ತಾ ಎಂದು ಫೋನಿನಲ್ಲಿ ಹೇಳಿದವಳು ನಸೀಮಾ. ಗದಗಿನಲ್ಲಿ ಪಿಯುಸಿ ಓದುವಾಗ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಅವಳು ಈಗ ಡೆಟ್ರಾಯ್ಟ್ ಕಡೆ ಹೃದಯದ ಡಾಕ್ಟರು. ನಾನು ಸಿವಿಲ್ ಎಂಜಿನಿಯರ್. ನಿಂತ ನೀರನ್ನು ನೆಲದಿಂದ ಹೊರಗೆ ಹರಿಸುವುದು ನನ್ನ ಕಸುಬು.

ಮಿಷಿಗನ್ ಗಡಿ ದಾಟುತ್ತಲೇ ಅಲ್ಲಿನ ಕಾಲಮಾನಕ್ಕೆ ಗಡಿಯಾರ ಒಂದು ತಾಸು ಮುಂದೆ ಓಡಿತು. ಮಳೆ ಹನಿಯುತ್ತಿತ್ತು, ಚಳಿ, ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತೊಂದು ಡಿಗ್ರಿ. ವಿಶ್ರಾಂತಿ ತಾಣವೊಂದರಲ್ಲಿ ಕಾರಿನೊಳಗೇ ಕೂತು ಚಪಾತಿ ತಿಂದೆ. ಎರಡು ಗಂಟೆಗೆ ನಸೀಮಾಳ ಮನೆ ಸೇರಿದಾಗ ಅಡುಗೆಮನೆಯ ಮೇಜಿನ ಮೇಲೆ ಊಟದ ಬದಲು ಒಂದು ನಕ್ಷೆ ಹರಡಿತ್ತು.

ನಕ್ಷೆಯ ಕಥೆ ಇಷ್ಟು. ಅವಳ ರೋಗಿಯೊಬ್ಬರು, ವಾಲ್ಟರ್ ಎಂಬ ಮುದುಕರು, ಕೊರಿಯಾ ಯುದ್ಧದಲ್ಲಿ ಇದ್ದವರು. ಮಾಜಿ ಸೈನಿಕರಿಗಾಗಿ ಹತ್ತಿರದಲ್ಲೊಂದು ರಾಜ್ಯ ಸ್ಮಶಾನ ಬೇಕೆಂದು ಎಂಟು ವರ್ಷದಿಂದ ಓಡಾಡುತ್ತಿದ್ದರು. ಈಗಿದ್ದದ್ದು ಎರಡು ತಾಸಿನ ದಾರಿ. ಕಾರು ಓಡಿಸಲಾಗದ ವಿಧವೆಯರು ಗಂಡನ ಸಮಾಧಿಯನ್ನು ವರ್ಷಕ್ಕೊಮ್ಮೆ ನೋಡುವುದೂ ಕಷ್ಟವಾಗಿತ್ತು. ಕಟ್ಟುವ ಖರ್ಚಿಗೆ ಕೇಂದ್ರ ಸರ್ಕಾರದ ಅನುದಾನ ಸಿಗುತ್ತದೆ. ಆದರೆ ಜಮೀನು ಕೊಡಬೇಕಾದದ್ದು, ಮುಂದೆ ನೋಡಿಕೊಳ್ಳಬೇಕಾದದ್ದು ರಾಜ್ಯ. ರಾಜ್ಯದ ಹಳೆಯ ಬೇಸಾಯದ ಜಮೀನೊಂದು ರಾಜಧಾನಿ ಲ್ಯಾನ್ಸಿಂಗ್‌ಗೆ ಹೋಗುವ ದಾರಿಯಲ್ಲಿ ಖಾಲಿ ಬಿದ್ದಿತ್ತು. ಎರಡಡಿ ಅಗೆದರೆ ನೀರು ಬರುತ್ತದೆ, ಅದನ್ನು ಒಣಗಿಸಿಡುವ ಖರ್ಚಿಗೆ ಕೊನೆಯೇ ಇಲ್ಲ ಎಂದು ಒಂದು ವರದಿ ಹೇಳಿತ್ತು. ಆ ಜಮೀನನ್ನು ಸ್ಮಶಾನಕ್ಕೆ ಕೊಡುವ ಮಸೂದೆಯನ್ನು ಶಾಸಕರ ಸಮಿತಿ ಎರಡು ಸಲ ಬದಿಗಿಟ್ಟಿತ್ತು. ಮೂರನೆಯ ವಿಚಾರಣೆ ಬರುವ ಮಂಗಳವಾರ.

"ನೀ ಒಮ್ಮೆ ನೆಲ ನೋಡು," ಎಂದಳು ನಸೀಮಾ. "ಆಗಂಗಿಲ್ಲ ಅಂದ್ರ ಆಗಂಗಿಲ್ಲ ಅಂತ ನೇರ ಹೇಳು. ಆದ್ರ ಮುಂದಿನ ವರ್ಷ ನೋಡೋಣ ಅನ್ನೋ ಮಾತು ಮಾತ್ರ ವಾಲ್ಟರ್ ಮುಂದ ಆಡಬ್ಯಾಡ. ಅವರ ಹಾರ್ಟ್ ನಾ ನೋಡೀನಿ."

ಭಾನುವಾರ ಮೂವರೂ ಜಮೀನಿಗೆ ಹೋದೆವು. ವಾಲ್ಟರ್ ಎತ್ತರದ, ತೆಳ್ಳಗಿನ ಮನುಷ್ಯ. ಕೋಲು ಹಿಡಿದಿದ್ದರೂ ನಮಗಿಂತ ಮುಂದೆ ನಡೆದರು. ಒಳಗೆ ಹೋಗಿ ಅಗೆದು ನೋಡಲು ಇಲಾಖೆಯ ಅನುಮತಿ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು. ನಾನು ತೋಡಿದ ಮೂರು ಗುಂಡಿಗಳಲ್ಲೂ ಎರಡಡಿಗೇ ನೀರು ಕಂಡಿತು. ವರದಿ ಸುಳ್ಳು ಹೇಳಿರಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ.

ಆಗ ಹೊಲದ ನಡುವೆ ಒಂದು ಕಡೆ ನೀರು ಕೆಳಗಿನಿಂದ ಗುಳುಗುಳು ಉಕ್ಕುತ್ತಿರುವುದು ಕಣ್ಣಿಗೆ ಬಿತ್ತು. ಈ ಸೀಮೆಯ ಹಳೆಯ ರೈತರು ಹೊಲದಡಿ ಮಣ್ಣಿನ ಕೊಳವೆ ಹೂಳಿ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದರು. ಕೊಳವೆಯ ಬಾಯಿ ಕಟ್ಟಿಕೊಂಡರೆ ನೀರು ಹೀಗೇ ಮೇಲೆ ಬರುತ್ತದೆ. ಕಾರಿನಲ್ಲಿದ್ದ ಕಬ್ಬಿಣದ ಸರಳನ್ನು ನೆಲಕ್ಕೆ ಚುಚ್ಚುತ್ತಾ, ಟಣ್ ಎಂದಲ್ಲೆಲ್ಲ ಗುರುತು ಮಾಡುತ್ತಾ ರಸ್ತೆಬದಿಯ ಹಳ್ಳದವರೆಗೆ ಹೋದೆ. ಅಲ್ಲಿ ಬರೀ ಹೂಳು. ನಾನೂ ನಸೀಮಾಳೂ ಸರದಿಯ ಮೇಲೆ ಸಲಿಕೆ ಹಿಡಿದೆವು. ಒಂದೂವರೆ ತಾಸಿನ ಮೇಲೆ ಕೆಂಪು ಕೊಳವೆಯ ಅಂಚು ಕಂಡಿತು. ಬಾಯಲ್ಲಿದ್ದ ಕೆಸರಿನ ಗಡ್ಡೆಯನ್ನು ಸರಳಿನಿಂದ ಮೀಟಿದೆ. ಕಂದು ನೀರು ಭೋರೆಂದು ಹೊರಬಂದು ನನ್ನನ್ನು ಸೊಂಟದವರೆಗೆ ತೋಯಿಸಿತು. ಮೇಲೆ ನಿಂತಿದ್ದ ವಾಲ್ಟರ್ ಕೋಲು ಕೆಳಗೆ ಹಾಕಿ ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು.

ಸೋಮವಾರ ಬೆಳಿಗ್ಗೆ ಹೋಗಿ ಅಳೆದೆ. ಕೊಳವೆಗೆ ಹತ್ತಿರದ ಗುಂಡಿಯಲ್ಲಿ ನೀರು ಒಂದಡಿಗೂ ಹೆಚ್ಚು ಇಳಿದಿತ್ತು, ದೂರದ್ದರಲ್ಲಿ ಐದು ಇಂಚು. ಫೋಟೋ ತೆಗೆದು, ಪ್ರಿಂಟೂ ಹಾಕಿಕೊಡುವ ಔಷಧಿ ಅಂಗಡಿಯೊಂದರಲ್ಲಿ ಒಂದೇ ತಾಸಿನಲ್ಲಿ ಪ್ರಿಂಟ್ ಹಾಕಿಸಿದೆ.

ಮಂಗಳವಾರ ಲ್ಯಾನ್ಸಿಂಗ್. ಸಮಿತಿಯ ಕೋಣೆ ನಮ್ಮ ಕಾಲೇಜಿನ ಕ್ಲಾಸ್‌ರೂಮಿನಷ್ಟೇ ಇತ್ತು. ಗೋಡೆಗುಂಟ ಟೋಪಿ ಹಾಕಿದ ಮಾಜಿ ಸೈನಿಕರು ನಿಂತಿದ್ದರು. ವಾಲ್ಟರ್ ತಮ್ಮ ಸರದಿಯ ಮೂರು ನಿಮಿಷದಲ್ಲಿ ಒಂದನ್ನು ಮಾತ್ರ ಬಳಸಿ, ಉಳಿದದ್ದು ಎಂಜಿನಿಯರಿಗೆ ಎಂದು ನನ್ನ ಕಡೆ ಕೈ ತೋರಿಸಿದರು. ನಾನು ಅಳುಕುತ್ತಲೇ ಎದ್ದು ಫೋಟೋಗಳನ್ನು ಸದಸ್ಯರ ಮುಂದಿಟ್ಟೆ. ಆದರೆ ನೀರಿನ ಮಾತು ಶುರುವಾದ ಮೇಲೆ ಅಳುಕು ಹೋಯಿತು. ನೆಲ ಕೆಟ್ಟದ್ದಲ್ಲ, ಹಳೆಯ ಕೊಳವೆ ಕಟ್ಟಿಕೊಂಡಿತ್ತು, ಅಷ್ಟೇ ಎಂದೆ. ಮಸೂದೆಯನ್ನು ವಿರೋಧಿಸುತ್ತಿದ್ದ ಸದಸ್ಯರೊಬ್ಬರು ಫೋಟೋಗಳನ್ನು ಎರಡೆರಡು ಸಲ ತಿರುಗಿಸಿ ನೋಡಿ, ಮುಂದೆ ಮತ್ತೆ ಕಟ್ಟಿಕೊಂಡರೆ ಏನು ಮಾಡುವುದು ಎಂದು ಕೇಳಿದರು.

"ವರ್ಷಕ್ಕೊಮ್ಮೆ ಒಬ್ಬರು ಸಲಿಕೆ ತಗೊಂಡು ಬಂದರೆ ಸಾಕು," ಎಂದೆ. "ಮೊನ್ನೆ ನಾನೂ ಒಬ್ಬ ಡಾಕ್ಟರೂ ಸೇರಿ ಮಧ್ಯಾಹ್ನದೊಳಗೆ ಮುಗಿಸಿದೆವು."

ಕೋಣೆಯಲ್ಲಿ ನಗು ಎದ್ದಿತು. ಪ್ರಶ್ನೆ ಕೇಳಿದವರೂ ನಕ್ಕರು. ಇಪ್ಪತ್ತು ನಿಮಿಷದ ನಂತರ ಹೆಸರು ಕೂಗಿ ಮತ ಕೇಳಿದಾಗ ಇಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದರು. ಸದನದ ಒಪ್ಪಿಗೆ, ಅನುದಾನದ ಅರ್ಜಿ, ಎಲ್ಲ ಇನ್ನೂ ಮುಂದಿತ್ತು. ಆದರೆ ಎಂಟು ವರ್ಷದಲ್ಲಿ ಮಸೂದೆ ಆ ಕೋಣೆಯ ಬಾಗಿಲು ದಾಟಿದ್ದು ಅದೇ ಮೊದಲು. ಗೋಡೆಗುಂಟ ನಿಂತಿದ್ದವರು ಒಬ್ಬೊಬ್ಬರಾಗಿ ಬಂದು ವಾಲ್ಟರ್ ಅವರ ಕೈ ಕುಲುಕಿದರು, ಆಮೇಲೆ ನನ್ನದು. ನಸೀಮಾ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ವಾಪಸ್ಸಿನ ದಾರಿಯಲ್ಲಿ ವಾಲ್ಟರ್ ಜಮೀನಿನ ಹತ್ತಿರ ನಿಲ್ಲಿಸಲು ಕೇಳಿಕೊಂಡರು. ಬಿಸಿಲು ಬಂದಿತ್ತು. ಅವರು ಇಳಿದು ರಸ್ತೆಯಿಂದ ಒಳಕ್ಕೆ ಹೆಜ್ಜೆ ಎಣಿಸುತ್ತಾ ನಡೆದರು. ನಿಮ್ಮ ಜಾಗ ಆರಿಸುತ್ತಿದ್ದೀರಾ ಎಂದು ನಸೀಮಾ ಮೆಲ್ಲಗೆ ಕೇಳಿದಳು.

"ಇಲ್ಲ ಡಾಕ್ಟರ್," ಎಂದರು ಅವರು. "ಬಸ್ ಎಲ್ಲಿ ನಿಲ್ಲಬೇಕು ಅಂತ ನೋಡುತ್ತಿದ್ದೇನೆ. ಹೆಂಗಸರು ಹೆಚ್ಚು ನಡೆಯುವ ಹಾಗಾಗಬಾರದು."

ನನ್ನದು ದೂರದ ದಾರಿ, ಅಲ್ಲಿಂದಲೇ ಹೊರಟೆ. ನಸೀಮಾ ತನ್ನ ಕಾರಿನಲ್ಲಿ ಅವರನ್ನು ಕರೆದೊಯ್ಯುವವಳಿದ್ದಳು. ತಿರುವಿನಲ್ಲಿ ಕನ್ನಡಿ ನೋಡಿದೆ. ವಾಲ್ಟರ್ ಇನ್ನೂ ಹೆಜ್ಜೆ ಹಾಕುತ್ತಿದ್ದರು. ಹಿಂದೆ ನಸೀಮಾ, ಆಸ್ಪತ್ರೆಯ ಒಳ್ಳೆಯ ಶೂ ಕೆಸರಾಗುವುದನ್ನು ಲೆಕ್ಕಿಸದೆ, ಅವರು ತೋರಿಸಿದಲ್ಲೆಲ್ಲ ಗುರುತಿಗೆ ಒಂದೊಂದು ಕಡ್ಡಿ ನೆಡುತ್ತಿದ್ದಳು.